ಕೊಂಡಮ್ಮನ ಬಲಗಣ್ಣು

೭-೨-೯೪, ಸೋಮವಾರ. ಚಿಂತಾಮಣಿ

ಇವತ್ತೂ ಸಂಜೆಯವರೆಗೆ ಆಪರೇಷನ್ ಥಿಯೇಟರ್. ಸೊಂಟ ಬಿದ್ದುಹೋಗಿದೆ. ಎಲ್ಲವೂ ಹಳೇ ವಿಧಾನವೇ — ಬಗ್ಗಿಸಿದ ಸೂಜಿಯಿಂದ ಕಣ್ಣಿನ ಮಸೂರದ ಚೀಲವನ್ನು ಸುತ್ತಲೂ ಚುಚ್ಚಿ ಚುಚ್ಚಿ, ಡಬ್ಬದ ಮುಚ್ಚಳದಂತೆ ಬಿಡಿಸಿ, ಒಳಗಿನ ಪೊರೆ ತೆಗೆಯುವುದು. ಅಂಚು ಗರಗಸ. ಆದರೇನು, ರೋಗಿಯ ಜತೆ ಮಾತಾಡುತ್ತಲೇ ಮುಗಿಯುತ್ತದೆ.

ಬೆಂಗಳೂರಿನ ವರ್ಕ್‌ಶಾಪಿನಲ್ಲಿ ಕಲಿತದ್ದು ಬೇರೆ. ಚೀಲವನ್ನು ಒಂದೇ ಎಳೆತದಲ್ಲಿ ದುಂಡಗೆ ಹರಿಯಬೇಕು. ಅಂಚು ನುಣುಪು, ಒಳಗಿಡುವ ಲೆನ್ಸ್ ಭದ್ರ. ಮನೆಯಲ್ಲಿ ಟೊಮೇಟೊ ಸಿಪ್ಪೆಯ ಮೇಲೆ ಪ್ರಾಕ್ಟೀಸ್ ಮಾಡಿದೆ... ಹೆಂಡತಿ ಬೈದುಕೊಂಡೇ ಎಲ್ಲವನ್ನೂ ಸಾರಿಗೆ ಹಾಕಿದಳು. ಕೆಲವು ಕಣ್ಣಿಗೂ ಮಾಡಿದ್ದೇನೆ. ಚೆನ್ನಾಗೇ ಬಂತು.

೮-೨-೯೪

ಶಿಡ್ಲಘಟ್ಟದಿಂದ ಕೊಂಡಮ್ಮ ಬಂದು ಸೇರಿದಳು. ರೇಷ್ಮೆ ನೂಲು ಬಿಚ್ಚುವವಳು. ಎಡಗಣ್ಣಿಗೆ ಯಾರೋ ಸೊಪ್ಪಿನ ರಸ ಹಿಂಡಿ ಹಾಳುಮಾಡಿದ್ದಾರೆ. ಬಲಗಣ್ಣಿನಲ್ಲಿ ಬಲಿತ ಪೊರೆ. ಇರುವುದು ಅದೊಂದೇ.

ಕಣ್ಣು ಬಂದರೆ ಸಾಕೇ ಎಂದೆ. ಸಾಲದಂತೆ. "ಎಳೆ ಕಾಣ್ಬೇಕು ಸಾರ್. ಎಳೆ ಕಾಣ್ದಿದ್ರೆ ನನ್ನ ಯಾರು ಕೆಲ್ಸಕ್ಕೆ ಕೂರಿಸ್ಕೊಂತಾರೆ?"

ಲೆನ್ಸ್ ಭದ್ರವಾಗಿ ಕೂರಬೇಕು. ಹೊಸ ವಿಧಾನವೇ ಸರಿ. ಸಿಸ್ಟರ್ ಅನಸೂಯಮ್ಮ ಮುಖ ಸಿಂಡರಿಸಿದರು. ಒಂಟಿಕಣ್ಣಿಗೆ ಹಳೇದೇ ಇರಲಿ ಅಂತ ಅವರ ವಾದ. ಕೇಳಲಿಲ್ಲ.

೯-೨-೯೪, ಸಂಜೆ

ಬರೆಯಲು ಮನಸ್ಸಿಲ್ಲ.

ಚೀಲದ ಸುತ್ತು ಮುಕ್ಕಾಲು ಬಂದಿತ್ತು. ಕೈ ಅಲುಗದೆ ನಿಂತಿತ್ತು. ಖುಷಿಯಾಯಿತು. ಖುಷಿಯಾದಾಗಲೇ ಬಾಯಿ ಅದರ ಪಾಡಿಗೆ ಅದು ಕೇಳಿತು — "ನೋವಾಗ್ತಿದೆಯೇನಮ್ಮ?"

ನಮ್ಮ ಕಡೆ ಹೆಂಗಸರು ಡಾಕ್ಟರಿಗೆ ಬಾಯಿಬಿಟ್ಟು ಉತ್ತರ ಕೊಡುವುದು ಕಡಿಮೆ. ಮರ್ಯಾದೆ. ಹಸಿರು ಬಟ್ಟೆಯ ಕೆಳಗೆ ಕೊಂಡಮ್ಮ ಇಲ್ಲ ಎಂದು ತಲೆಯಾಡಿಸಿದಳು.

ಹಳೇ ವಿಧಾನದಲ್ಲಿ ತಲೆ ಅಲುಗಿದರೆ ಒಂದು ಚುಚ್ಚು ತಪ್ಪುತ್ತದೆ, ಅಷ್ಟೆ. ಇದರಲ್ಲಿ ಹರಿದದ್ದು ನಿಲ್ಲುವುದಿಲ್ಲ. ಸೀಳು ಚೀಲದ ಅಂಚಿಗೆ ಓಡಿತು, ಅಲ್ಲಿಂದ ಹಿಂದಕ್ಕೆ. ಕಣ್ಣೊಳಗಿನ ಲೋಳೆ ಮುಂದೆ ಬಂತು. ಪೊರೆ ತೆಗೆದೆ, ಲೋಳೆ ಕತ್ತರಿಸಿದೆ, ಹೊಲಿದೆ. ಲೆನ್ಸ್ ಇಡುವ ಹಾಗಿರಲಿಲ್ಲ. ದಪ್ಪ ಗಾಜಿನ ಕನ್ನಡಕವೇ ಗತಿ.

ಅನಸೂಯಮ್ಮ ಉಪಕರಣಗಳನ್ನು ಎಣಿಸಿ ಟ್ರೇಗೆ ಹಾಕಿದರು. ಬೈದಿದ್ದರೆ ಚೆನ್ನಾಗಿತ್ತು.

೧೦-೨-೯೪

ಪಟ್ಟಿ ಬಿಚ್ಚಿದೆ. ಬೆಳಕು ಗೊತ್ತಾಗುತ್ತದೆ, ಬೆರಳು ಮಸುಕಾಗಿ ಕಾಣುತ್ತದೆ. ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಅವಳು ಕೈಮುಗಿದಳು. "ನಾನೇ ತಲೆ ಆಡಿಸ್ಬಿಟ್ನಲ್ಲ ಸಾರ್. ತಪ್ಪಾಯ್ತು."

ಕೇಳಿದವನು ನಾನಮ್ಮ, ಎಂದೆ. ಅವಳಿಗೆ ಅದು ಅರ್ಥವಾಗಲೇ ಇಲ್ಲ. ನಾಚಿಕೆಯಿಂದ ಸತ್ತೆ.

೨೮-೩-೯೪, ಸೋಮವಾರ

ಇಷ್ಟು ದಿನ ಬರೆದಿಲ್ಲ. ಆಪರೇಷನ್ ಎಲ್ಲ ಹಳೇ ವಿಧಾನದಲ್ಲೇ. ಬಾಯಿ ಹೊಲಿದುಕೊಂಡು ಮಾಡುತ್ತೇನೆ.

ಕೊಂಡಮ್ಮನ ಕನ್ನಡಕ ಬಂತು. ಹಾಕಿದೆ. ಬೋರ್ಡಿನ ಚಿಹ್ನೆಗಳನ್ನು ಕೆಳಸಾಲಿನವರೆಗೂ ತೋರಿಸಿದಳು. ಸೆರಗಿನ ದಾರ ಎಳೆದು ಬೆಳಕಿಗೆ ಹಿಡಿದಳು. "ಕಾಣ್ತದೆ ಸಾರ್, ಎಳೆ ಕಾಣ್ತದೆ!" ಅನಸೂಯಮ್ಮನೂ ನಕ್ಕರು. ಕುಡಿಯಲು ಲೋಟದಲ್ಲಿ ನೀರು ಕೊಟ್ಟರು. ಕೊಂಡಮ್ಮ ಕೈ ಚಾಚಿದಳು. ಕೈ ಲೋಟ ಮುಟ್ಟಲಿಲ್ಲ, ಈಚೆಗೇ ಗಾಳಿಯಲ್ಲಿ ಮುಚ್ಚಿಕೊಂಡಿತು. ಈ ಗಾಜಿನಲ್ಲಿ ಎಲ್ಲವೂ ದೊಡ್ಡದು, ಎಲ್ಲವೂ ಹತ್ತಿರ. ಅವಳ ಕೆಲಸ ರೇಷ್ಮೆಗೂಡು ಬೇಯುವ ಕುದಿನೀರಿನ ಬಾಣಲೆಯ ಮುಂದೆ, ಕೈ ಹಾಕಿ ಎಳೆ ಹಿಡಿಯುವುದು.

ಅವಳು ನಗುತ್ತಲೇ ಕೇಳಿದಳು: "ಯಾವತ್ನಿಂದ ಬಾಣಲೆ ಮುಂದೆ ಕೂತ್ಕೊಬೋದು ಸಾರ್?"

ನಾನು ಲೋಟವನ್ನು ಮತ್ತೆ ಅವಳ ಮುಂದೆ ಹಿಡಿದು, ಮೊದಲು ಇದನ್ನು ಹಿಡಿಯಮ್ಮ, ಎಂದೆ.