ಬೋರಲು ಮಲಗಿದ ಮೆಟ್ಟಿಲು

ಗ್ಯಾಸ್ಪರ್ ಕೋವ್, ನ್ಯೂಫೌಂಡ್‌ಲ್ಯಾಂಡ್
ಮೇ ೧೪, ಮಂಜಿನ ಮಂಗಳವಾರ

ಪ್ರೀತಿಯ ಅಪ್ಪಾ,

ಸೊಂಟದ ನೋವು ಹೇಗಿದೆ? ಹೊಸ ಕೀಲು ಕೂರಿಸಿದ ಮೇಲೆ ವಾಕರ್ ಹಿಡಿದು ನಾಲ್ಕು ಹೆಜ್ಜೆ ನಡೆದೆಯಂತೆ, ನರ್ಸ್ ಹೇಳಿದಳು. ಊಟ ಸಪ್ಪೆಯೆಂದು ಅವಳ ಜೀವ ತಿನ್ನುತ್ತಿದ್ದೀಯೆಂದೂ ಹೇಳಿದಳು. ಆಸ್ಪತ್ರೆಯಲ್ಲಿ ನಿನಗೆ ಉಪ್ಪುಮೀನು ಯಾರು ಬೇಯಿಸಿ ಹಾಕುತ್ತಾರೆ? ಕೊಟ್ಟಿದ್ದನ್ನು ತಿನ್ನು. ನಾನು ಚೆನ್ನಾಗಿದ್ದೇನೆ. ಈ ಸುದ್ದಿಯನ್ನು ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಬೈದು ಇಟ್ಟುಬಿಡುತ್ತೀಯೆಂದು ಕಾಗದ ಬರೆಯುತ್ತಿದ್ದೇನೆ.

ಬಾಗಿಲ ಮೆಟ್ಟಿಲು ಕೀಳಿಸಿದೆ. ಆಂಬುಲೆನ್ಸಿನಲ್ಲಿ ಮಲಗಿಕೊಂಡೇ ನೀನು ಕೂಗಿದ್ದು ಇನ್ನೂ ಕಿವಿಯಲ್ಲಿದೆ: “ಫಿಲೋಮಿನಾ, ಆ ಮೆಟ್ಲು ಮುಟ್ಟಿದ್ರೆ ನೋಡು!” ಆದರೆ ವಾಕರ್ ತಳ್ಳಿಕೊಂಡು ಬರುವವನಿಗೆ ಇಳಿಜಾರು ಹಲಗೆ ಬೇಡವೇ? ಕಲ್ಲಿದ್ದರೆ ಹಲಗೆ ಕೂರುವುದಿಲ್ಲ. ಪಕ್ಕದ ಮನೆಯ ಆಂಬ್ರೋಸ್ ಹಾರೆ ತಂದ. “ನಿಮ್ಮಪ್ಪ ಬಂದು ನನ್ನ ತಲೆ ಒಡೆದ್ರೆ ನೀನೇ ಜವಾಬ್ದಾರಿ ಕಣಮ್ಮ” ಎಂದು ಗೊಣಗುತ್ತಲೇ ಮೀಟಿದ. ಅಜ್ಜ ಇಟ್ಟ ಕಲ್ಲು, ಎಪ್ಪತ್ತು ವರ್ಷ ಅಲ್ಲಾಡದೆ ಕೂತದ್ದು, ಒಂದು ಗಂಟೆ ನಮ್ಮನ್ನು ಸತಾಯಿಸಿ ಮಗುಚಿಕೊಂಡಿತು.

ಅಪ್ಪಾ, ಅದರ ಅಡಿಯಲ್ಲಿ ಹೂವಿತ್ತು. ಕಡಲಂಚಿನ ಬಂಡೆಯ ಮೇಲೆ ನಾನು ಪ್ರವಾಸಿಗರಿಗೆ ದಿನಾ ತೋರಿಸುವಂಥದ್ದೇ, ನಾವೆಲ್ಲ ಹೂವೆನ್ನುವ, ಮೊಳದುದ್ದದ ಜರೀಗಿಡದ ಎಲೆಯಂಥ ಪಳೆಯುಳಿಕೆಯ ಅಚ್ಚು. ಅಲ್ಲಿನವು ಅಲೆಗೂ ಹಿಮಕ್ಕೂ ಸವೆದಿವೆ. ಇದರ ಒಂದು ಗೆರೆಯೂ ಮಾಸಿಲ್ಲ. ಆಂಬ್ರೋಸ್ ಟೋಪಿ ತೆಗೆದ. ನಾನು ಬೂಟು ಕಳಚಿದೆ. ಆ ಬಂಡೆಯ ಮೇಲೆ ಬೂಟುಗಾಲಲ್ಲಿ ಯಾರನ್ನೂ ಬಿಡುವುದಿಲ್ಲವಲ್ಲ, ಅದೇ ಅಭ್ಯಾಸ. ಅದಕ್ಕೆ ನೀನೆಷ್ಟು ನಕ್ಕಿದ್ದೆ! “ಕಲ್ಲಿಗೆ ನಮಸ್ಕಾರ ಹಾಕೋಕೂ ಸಂಬಳ ಕೊಡ್ತಾರಾ?”

ಹನ್ನೊಂದು ವರ್ಷದಿಂದ ಒಪ್ಪಿಸುತ್ತಿರುವ ಪಾಠ ಮೊನ್ನೆ ಮೊದಲ ಸಲ ನನಗೇ ಮನಸ್ಸಿಗಿಳಿಯಿತು. ಐವತ್ತಾರು ಕೋಟಿ ವರ್ಷದ ಹಿಂದೆ, ಬಿಸಿಲು ಮುಟ್ಟದ ಕಡಲ ತಳದ ಕೆಸರಿನಲ್ಲಿ ಬುಡ ಊರಿಕೊಂಡು ಈ ಮೆತ್ತನೆಯ ಜೀವ ತೂಗುತ್ತಿತ್ತು. ಮೂಳೆಯಿಲ್ಲ, ಬಾಯಿಯಿಲ್ಲ, ಇದನ್ನು ನೋಡಲು ಲೋಕದಲ್ಲಿ ಇನ್ನೂ ಕಣ್ಣೇ ಹುಟ್ಟಿರಲಿಲ್ಲ. ಜ್ವಾಲಾಮುಖಿಯ ಬೂದಿ ನೀರಿಗಿಳಿದು ಅದನ್ನು ಇದ್ದ ಹಾಗೇ ಹೊದಿಸಿ ಮಲಗಿಸಿತು. ಹೂಳಿನ ಮೇಲೆ ಹೂಳು ಕೂತು ಕೆಸರು ಕಲ್ಲಾಯಿತು. ಆ ನೆಲ ಸರಿದು ಸರಿದು, ಖಂಡಗಳು ಡಿಕ್ಕಿ ಹೊಡೆದಾಗ ಇಲ್ಲಿಗೆ ಅಂಟಿಕೊಂಡಿತು. ಆಮೇಲೆ ಅಟ್ಲಾಂಟಿಕ್ ಬಾಯಿ ಬಿಟ್ಟಾಗ ಅದರ ಒಡಹುಟ್ಟಿದ ಕಲ್ಲುಗಳು ಇಂಗ್ಲೆಂಡಿನ ಕಡೆಯೇ ಉಳಿದವು. ಇದನ್ನು ಕೇಳಿ ನೀನು ಹೇಳಿದ್ದು ನೆನಪಿದೆಯೇ? “ಅದೂ ನಮ್ಮಂಗೇ ವಲಸೆ ಬಂದದ್ದು ಅನ್ನು. ನಮ್ಮ ಮುತ್ತಜ್ಜ ಐರ್ಲೆಂಡಿಂದ ದಾರಿಯುದ್ದಕ್ಕೂ ವಾಂತಿ ಮಾಡ್ಕೊಂಡು ಬಂದ, ಇದು ಆರಾಮಾಗಿ ಬಂತು!” ಪ್ರವಾಸಿಗರಿಗೆ ಈ ಮಾತನ್ನೂ ಹೇಳುತ್ತೇನೆ, ನಿನ್ನ ಹೆಸರು ಹೇಳದೆ.

ನನ್ನ ಸಂಕಟ ಇದು. “ಒಂದು ಚೂರೂ ಒಯ್ಯಬೇಡಿ” ಎಂದು ಊರಿಗೆಲ್ಲ ಬುದ್ಧಿ ಹೇಳುವವಳ ಬಾಗಿಲಲ್ಲೇ ಇಡೀ ಹಾಸುಗಲ್ಲು! ಅಜ್ಜ ಕಡಲಂಚಿನಿಂದ ತಂದ ಕಾಲಕ್ಕೆ ಕಾಯಿದೆಯೂ ಇರಲಿಲ್ಲ, ಕೇಳುವವರೂ ಇರಲಿಲ್ಲ, ಸರಿ. ಈಗ ಆ ಬಂಡೆಯ ರಕ್ಷಣೆ ನೋಡಿಕೊಳ್ಳುವ ಇಲಾಖೆಯವರಿಗೆ ತಿಳಿಸಲೇಬೇಕು, ತಿಳಿಸಿದರೆ ಒಯ್ಯುತ್ತಾರೆ. ಅಮ್ಮ ನಲವತ್ತು ವರ್ಷ ಶನಿವಾರ ಶನಿವಾರ ಉಜ್ಜಿ ತೊಳೆದ ಕಲ್ಲು ಅದು. ನಿನ್ನನ್ನು ಕೇಳದೆ ಕೊಡಲಾರೆ, ಮುಚ್ಚಿಟ್ಟರೆ ನಾಳೆಯಿಂದ ಆ ಬಂಡೆಯ ಮೇಲೆ ನಿಂತು ಮಾತಾಡಲಾರೆ.

ಆಂಬ್ರೋಸ್ ನಮಸ್ಕಾರ ತಿಳಿಸಿದ್ದಾನೆ. ಬೆರ್ರಿ ಜಾಮ್ ಕಳಿಸಿದ್ದೇನೆ, ನರ್ಸಿಗೂ ಒಂದು ಚಮಚ ಕೊಡು. ದೇವರು ನಿನ್ನ ಕಾಲಿಗೆ ಬಲ ಕೊಡಲಿ, ಬಾಯಿಗೆ ಬೇಕಾಗಿಲ್ಲ.

ನಿನ್ನ ಮಾತು ಮೀರಿದ ಮಗಳು,
ಫಿಲೋಮಿನಾ

ಇನ್ನೊಂದು ಮಾತು: ಅಂಚೆ ವ್ಯಾನು ಬಂದು ನಿಂತಿದೆ, ಬೇಗ ಬರೆಯುತ್ತೇನೆ. ಈಗ ತಾನೇ ಹೊಸ ಹಲಗೆಯ ಮೇಲೆ ಕಾಲಿಟ್ಟಾಗ ಹೊಳೆಯಿತು. ನೀನು ಒಂದು ದಿನವೂ ಆ ಕಲ್ಲನ್ನು ತುಳಿದವನಲ್ಲ. ಕೈಯಲ್ಲಿ ಮೀನಿನ ಬುಟ್ಟಿಯಿದ್ದರೂ ಉದ್ದ ಕಾಲು ಚಾಚಿ ದಾಟುತ್ತಿದ್ದೆ, ಅಮ್ಮ “ಕೊಕ್ಕರೆ ಬಂತು” ಎಂದು ನಗುತ್ತಿದ್ದಳು. ಏಪ್ರಿಲ್ ಹಿಮದಲ್ಲಿ, ಎಂಬತ್ತೆರಡನೆಯ ವಯಸ್ಸಿನಲ್ಲಿ, ಹಾಗೆ ದಾಟಲು ಹೋಗಿಯೇ ಸೊಂಟ ಮುರಿದುಕೊಂಡೆ. ಅಜ್ಜ ಕಲ್ಲು ಹಾಸಿದಾಗ ನಿನಗೆ ಹನ್ನೆರಡು. ಹೂವು ಕೆಳಗಿರಲಿ, ಯಾರೂ ತುಳಿಯದಿರಲಿ ಎಂದವನು ನೀನೇ, ಅಲ್ಲವೇ? ಕಲ್ಲು ನಿನ್ನ ಕಿಟಕಿಯ ಕೆಳಗೆ ಹೂವು ಮೇಲಾಗಿ ಕಾಯುತ್ತಿದೆ. ಬಂದು ಕಣ್ತುಂಬ ನೋಡು, ಆಮೇಲೆ ರಕ್ಷಣೆಯವರಿಗೆ ನೀನೇ ಹೇಳು. ಸಂಬಳಕ್ಕೆ ಕಲ್ಲಿಗೆ ನಮಸ್ಕಾರ ಹಾಕುವವಳು ನಾನು. ನೀನು ಎಪ್ಪತ್ತು ವರ್ಷ ಬಿಟ್ಟಿ ಹಾಕಿದ್ದೀಯ.