ಮೊದಲ ಹಾಳೆಯ ಹೆಸರು

ವಡಪಳನಿ, ಚೆನ್ನೈ
೧೭ ಜುಲೈ ೨೦೦೩

ತಂಗಿ ವಿನೋದಾಳಿಗೆ ಆಶೀರ್ವಾದಗಳು.

ಬರೆಯುತ್ತಿರುವವಳು ನಿನ್ನ ಅಕ್ಕ ಕಲಾವತಿ. ಗಂಡ ಹೋದ ಮೇಲೆ ಹತ್ತೊಂಬತ್ತು ವರ್ಷ ಈ ಹೋಟೆಲು ನಡೆಸಿದವಳು. ಇವತ್ತಿಗೂ ನನ್ನನ್ನು ಕೇಳದೆ ಇಲ್ಲಿ ಸಾಂಬಾರಿಗೆ ಉಪ್ಪು ಬೀಳುವುದಿಲ್ಲ. ಅಂಥವಳು ನಿನ್ನ ಎರಡು ಕಾಗದಗಳಿಗೆ ಉತ್ತರ ಬರೆಯಲಿಲ್ಲ. ತಪ್ಪು ನನ್ನದೇ. ನಿನ್ನ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಸೀಸೆಯನ್ನು ಹಾಗೇ ಇಟ್ಟಿದ್ದೀಯೋ?

ಮನೆಯಲ್ಲಿ ಒಂದು ಪುಸ್ತಕದ ಕೆಲಸ ನಡೆದಿತ್ತು. ಸೊಸೆ ಹರ್ಷಿಣಿ ಮಕ್ಕಳಿಗಾಗಿ ಚಿತ್ರದ ಕಥೆ ಮಾಡಿದ್ದಾಳೆ. ನಮ್ಮ ಹಿಂಬಾಗಿಲಿಗೆ ಬಂದು, ಕಲ್ಲಿಗೆ ಅಂಟಿಕೊಳ್ಳುವ ಮೊದಲ ದೋಸೆಗಾಗಿ ಕಾಯುವ ಒಂದು ಕಾಗೆಯ ಕಥೆ. ಪ್ರಕಾಶಕರಿಗೆ ಕಳಿಸಲು ನಿಯಮಗಳುಂಟಂತೆ. ಎಂಟು ಹಾಳೆ ಮಡಿಚಿ ಮೂವತ್ತೆರಡು ಪುಟದ ಮಾದರಿ ಪುಸ್ತಕ ಮಾಡಬೇಕು. ಮಾತುಗಳನ್ನು ಬೇರೆ ಹಾಳೆಯಲ್ಲಿ ಬರೆಯಬೇಕು. ಚಿತ್ರಗಳ ಜೆರಾಕ್ಸ್ ಮಾತ್ರ ಕಳಿಸಬೇಕು.

ನನ್ನ ಅಕ್ಷರ ಚಂದವೆಂದು ನಕಲು ಬರೆಯುವ ಕೆಲಸ ನಾನೇ ಹಿಡಿದೆ. "ಕಾಗೆ ಕಪ್ಪಗಿತ್ತು ಅಂತ ಎಲ್ಲೂ ಬರೀಲೇ ಇಲ್ಲವಲ್ಲ ಮಾರಾಯ್ತಿ?" ಎಂದೆ. ಮೊಮ್ಮಗಳು ಬೃಂದಾ ನಕ್ಕಳು. "ಅಜ್ಜಿ, ಅದು ಪಡತ್ತುಲೇ ತೆರಿಯುದೇ!" ಚಿತ್ರದಲ್ಲೇ ಕಾಣುತ್ತದಲ್ಲ ಎಂದು ಎಂಟು ವರ್ಷದವಳು ನನಗೆ ಪಾಠ ಹೇಳಿದಳು.

ಕೊನೆಗೆ ಮೊದಲ ಹಾಳೆ ಬಂತು. ನಮ್ಮಲ್ಲಿ ಗ್ಯಾಸ್ ಪುಸ್ತಕದಿಂದ ಮದುವೆ ಕಾಗದದವರೆಗೆ ಎಲ್ಲದಕ್ಕೂ ಹಿರಿಯರದೇ ಹೆಸರು. ಅದೇ ರೂಢಿಯಲ್ಲಿ ಕಥೆಯ ಹೆಸರಿನ ಕೆಳಗೆ 'ಕಲಾವತಿ' ಎಂದು ಬರೆದೆ. "ಅಮ್ಮನ ಹೆಸರಿದ್ದರೆ ತೂಕ" ಎಂದ ಮಗ ಕೃಷ್ಣರಾಜ. ಹರ್ಷಿಣಿ "ಆಯ್ತು ಅತ್ತೆ" ಎಂದು ಒಳಗೆ ಹೋದಳು. ಮೂರು ದಿನ ಕುಂಚ ಮುಟ್ಟಲಿಲ್ಲ. ಕೊನೆಯ ಚಿತ್ರಕ್ಕೆ ಬಣ್ಣ ಬಾಕಿಯೇ ಇತ್ತು.

ಬೃಂದಾಳಿಗೆ ನನ್ನ ಭಯವೆಲ್ಲಿ? "ಪುಸ್ತಕ ನಿಮ್ಮದಾದ್ರೆ ಒಂದು ಕಾಗೆ ಬಿಡಿಸಿ ಅಜ್ಜಿ, ಪಾಕ್ಕಲಾಂ, ನೋಡೋಣ" ಎಂದು ಪೆನ್ಸಿಲು ಕೈಗಿತ್ತಳು. ಬಿಡಿಸಿದೆ. ಬಾಲವಿರುವ ಬದನೆಕಾಯಿಯಾಯಿತು. "ಅಯ್ಯೋ, ಕತ್ತರಿಕಾಯ್!" ಎಂದು ಮಗು ಉರುಳಾಡಿ ನಕ್ಕಿತು. ಹರ್ಷಿಣಿ ನಗಲಿಲ್ಲ. ತಲೆ ತಗ್ಗಿಸಿ ಬೀನ್ಸ್ ಹೆಚ್ಚುತ್ತಲೇ ಇದ್ದಳು. ಅವಳು ನಕ್ಕಿದ್ದರೆ ನನಗೆ ಸುಲಭವಿತ್ತು, ವಿನೋದಾ.

ಆ ಹಾಳೆ ಹರಿದು ಬೇರೆ ಬರೆದೆ. ಕಥೆ ಹರ್ಷಿಣಿಯದು, ಚಿತ್ರವೂ ಹರ್ಷಿಣಿಯದು. "ಹೋಟೆಲಿನ ಹೆಸರಾದರೂ ಇರಲಿ ಅಮ್ಮ" ಎಂದ ಕೃಷ್ಣರಾಜ. "ಅವಳೇನು ನಿನ್ನ ಮಸಾಲೆದೋಸೆಯಾ, ಹೋಟೆಲಿನ ಹೆಸರು ಹಾಕಿ ಮಾರಲಿಕ್ಕೆ?" ಎಂದೆ. ಹರ್ಷಿಣಿ ಹಾಳೆಯನ್ನು ಎರಡು ಸಲ ಓದಿದಳು. ಸೀದಾ ಹೋಗಿ ಬಣ್ಣದ ಡಬ್ಬಿ ತೆರೆದಳು.

ಸೋಮವಾರ ನಾನೇ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿ ಬಂದೆ. ತೆಗೆದುಕೊಳ್ಳುತ್ತಾರೋ ಇಲ್ಲವೋ, ತಿಳಿಯಲು ಆರು ತಿಂಗಳಂತೆ.

ನಿನ್ನ ಮನೆಯವರೆಲ್ಲರಿಗೂ ದೇವರು ಆಯುಸ್ಸು, ಆರೋಗ್ಯ ಕೊಡಲಿ.

ಇತಿ ನಿನ್ನ ಅಕ್ಕ,
ಕಲಾವತಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ. ನಾನು ಎಂಟನೇ ಕ್ಲಾಸಿನಲ್ಲಿ, ನೀನು ಏಳರಲ್ಲಿ ಇದ್ದಾಗ ಶಾಲೆಯಲ್ಲಿ ನನಗೆ ಬಹುಮಾನ ಬಂದ ಕಥೆ ನಿನ್ನದು. ನಿನ್ನ ಪುಸ್ತಕದಿಂದ ನಕಲು ಮಾಡಿ ನನ್ನ ಹೆಸರು ಹಾಕಿಕೊಂಡೆ. ಅದನ್ನು ನೋಡಿಯೇ ಅಪ್ಪಯ್ಯ "ಬರೆಯುವ ಕೈ ಇವಳದು, ಒಬ್ಬಳು ಓದಿದರೆ ಸಾಕು" ಎಂದು ನನ್ನನ್ನು ಹೈಸ್ಕೂಲು ಮುಗಿಸಲು ಬಿಟ್ಟು, ನಿನ್ನನ್ನು ಶಾಲೆ ಬಿಡಿಸಿದರು. ನಿನಗೆ ಗೊತ್ತಿತ್ತು. ನೀನು ಒಂದು ದಿನವೂ ಬಾಯಿ ಬಿಡಲಿಲ್ಲ. ಕ್ಷಮೆ ಕೇಳಿ ನನಗೆ ಅಭ್ಯಾಸವಿಲ್ಲ. ಆದರೆ ನಿನ್ನೆ ಮಧ್ಯಾಹ್ನ ಊಟಕ್ಕೆ ಕೂತಾಗ ಮಗ, ಸೊಸೆ, ಮೊಮ್ಮಗಳು ಮೂವರಿಗೂ ಇದನ್ನೆಲ್ಲ ನನ್ನ ಬಾಯಿಂದಲೇ ಹೇಳಿದ್ದೇನೆ.