ಒರೆಸಿದ ಬೊಟ್ಟು

ಹರ್ಷಿತಾ,

ನಾನು ಬೀರಮ್ಮ. ಮೈಸೂರು ನಂಜುಮಳಿಗೆಯ ಬಸವಮ್ಮನವರ ಡ್ರಾಮಾ ಸೀನರಿ ಅಂಗಡಿಯ ಯಜಮಾನಿ. ದಿವಂಗತ ಹುಚ್ಚಯ್ಯನವರ ಹೆಂಡತಿ, ನಿನ್ನ ಅಪ್ಪ ವಿಜಯ್‌ಕುಮಾರನ ತಾಯಿ. ಇದೆಲ್ಲ ನನಗೆ ಗೊತ್ತಿಲ್ಲವೇ ಅಜ್ಜಿ ಎಂದು ಕೇಳಬೇಡ. ಗೊತ್ತಿದೆ ಎಂದೇ ನಾನೂ ತಿಳಿದಿದ್ದೆ. ಸುತ್ತಿನ ಎಷ್ಟೋ ಊರುಗಳ ಪೌರಾಣಿಕ ನಾಟಕಕ್ಕೆ ಪರದೆ, ಕಿರೀಟ, ಗದೆ ಹೋಗುವುದು ನಮ್ಮ ಅಂಗಡಿಯಿಂದ. ದುರ್ಯೋಧನನಾಗುವ ರೈತನೂ ಭೀಮನಾಗುವ ಬಸ್ ಕಂಡಕ್ಟರನೂ ಬಣ್ಣ ಹಚ್ಚಿಸಿಕೊಳ್ಳಲು ನನ್ನ ಮುಂದಿನ ಸ್ಟೂಲಿನ ಮೇಲೆ ಕೂರುತ್ತಾರೆ. ಊರಲ್ಲಿ ಯಾರ ಮಾತೂ ಕೇಳದವರು ನಾನು ಕಣ್ಣು ಮುಚ್ಚು ಅಂದರೆ ಮುಚ್ಚುತ್ತಾರೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಆದರೆ ಈ ಕಸುಬಿನಲ್ಲಿ ನನ್ನ ಮಾತಿಗೆ ಬೆಲೆ ಇದೆ. ಆ ಮಾತನ್ನೇ ನೀನು ಬೀದಿಗೆ ಎಳೆದೆ. ಫೋನಿನಲ್ಲಿ ಹೇಳೋಣವೆಂದರೆ ಮಧ್ಯೆ ಬಾಯಿ ಹಾಕುತ್ತೀಯ. ಕಾಗದಕ್ಕೆ ಬಾಯಿ ಹಾಕಲು ಬರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮತ್ತೆ ಬಸವಮ್ಮನವರನ್ನು ನೀನು ನೋಡಿಲ್ಲ. ನನ್ನ ಬಾಯಿಂದ ಕೇಳಿದ್ದೀಯ. ಅವರು ಕಾಡಿಗೆಯ ಹಾಗೆ ಕಪ್ಪಗಿದ್ದರು. ಹಾಡು, ಮಾತು, ನಡಿಗೆ ಎಲ್ಲ ಇದ್ದರೂ ಆ ಕಾಲದ ನಾಟಕ ಕಂಪನಿಯವರು, ದೀಪದ ಬೆಳಕಿನಲ್ಲಿ ಇವಳ ಮುಖ ಕಾಣುವುದಿಲ್ಲ ಎಂದು ಪಾತ್ರ ಕೊಡಲಿಲ್ಲ. ಕೊಡದಿದ್ದರೆ ಹೋಗಲಿ ಎಂದು ಬಣ್ಣದ ಪೆಟ್ಟಿಗೆ ಹಿಡಿದರು. ಸಾಯುವವರೆಗೂ ತಮ್ಮ ಮುಖಕ್ಕೆ ಒಂದು ಚಿಟಿಕೆ ಪೌಡರು ಸೋಕಿಸಲಿಲ್ಲ. ಹೊಸ ಸೊಸೆಯಾಗಿ ಬಂದ ನಾನು ಒಮ್ಮೆ ಯಾಕತ್ತೆ ಎಂದು ಕೇಳಿದ್ದಕ್ಕೆ, "ಬಣ್ಣ ಹಚ್ಚೋಳ್ಗೆ ಯಾಕವ್ವ ಬಣ್ಣ?" ಅಂದಿದ್ದರು.

ಬೊಟ್ಟಿನ ಕಟ್ಟಳೆ ಅವರದೇ. ನಾಟಕದ ದಿನ ಪೆಟ್ಟಿಗೆಗೆ ಪೂಜೆ ಮಾಡಿ, ಪಾತ್ರ ಮಾಡುವವರ ಹಣೆಗೆ ಅಂಗಡಿಯ ಯಜಮಾನಿ ಮೊದಲು ಒಂದು ಕೆಂಪು ಬೊಟ್ಟು ಇಡಬೇಕು. ಇಟ್ಟ ಮೇಲೆ ಆ ಪಾತ್ರ ಅವರದು. ಒಂದು ಊರಿನಲ್ಲಿ ಬಡ ಕುಂಬಾರನೊಬ್ಬನ ಹಣೆಗೆ ದುರ್ಯೋಧನನ ಬೊಟ್ಟು ಇಟ್ಟಾಗಿತ್ತು. ಊರ ದೊಡ್ಡ ಕುಳ ಒಬ್ಬ ಬಂದು, ಆ ಪಾತ್ರ ನನ್ನ ಮಗನಿಗೆ ಆಗಬೇಕು, ಇವನ ಬಣ್ಣ ಒರೆಸಿ ಎಂದು ಗದರಿದ. ನಾಟಕದ ಮೇಷ್ಟ್ರು ಒರೆಸುವ ಬಟ್ಟೆ ಹುಡುಕತೊಡಗಿದರು. ನಮ್ಮತ್ತೆ ಸ್ಟೂಲಿನ ಮುಂದೆ ಅಡ್ಡ ನಿಂತು, "ಬೊಟ್ಟು ಮಡಗಾಯ್ತು ಸ್ವಾಮಿ. ಒರ್ಸಬೇಕು ಅಂದ್ರೆ ಮೊದ್ಲು ನನ್ ಕೈ ಕಡ್ದಾಕ್ಬುಡಿ" ಅಂದರು. ಅವತ್ತು ಕುಂಬಾರನೇ ದುರ್ಯೋಧನನಾದ.

ಚಿಕ್ಕವಳಿದ್ದಾಗ ಈ ಕಥೆ ಹೇಳದೆ ನೀನು ಊಟ ಮಾಡುತ್ತಿರಲಿಲ್ಲ. "ಕೈ ಕಡ್ದಾಕ್ಬುಡಿ" ಎಂದು ಮುದ್ದೆಯ ಕೈ ಚಾಚಿ ನನ್ನ ಮುಂದೆ ನಿಲ್ಲುತ್ತಿದ್ದೆ. ದೊಡ್ಡವಳಾಗಿ ಅದನ್ನೇ ಕಾದಂಬರಿ ಮಾಡಿದೆ. ಅದು ಓದುವವರ ಕೈಯಲ್ಲಿ ಓಡಾಡಿತು, ವೆಬ್ ಸೀರೀಸ್ ಮಾಡುವವರು ಹುಡುಕಿಕೊಂಡು ಬಂದರು, ನಿರ್ದೇಶನವನ್ನೂ ನಿನಗೇ ಕೊಟ್ಟರು. ನಮ್ಮ ಅಂಗಡಿಯಲ್ಲೇ ಶೂಟಿಂಗ್ ಮಾಡುತ್ತೇನೆ ಎಂದು ನೀನು ಕೇಳಿದಾಗ ನಾನು ಹಾಕಿದ್ದು ಒಂದೇ ಷರತ್ತು. ನಮ್ಮತ್ತೆಯನ್ನು ಬೆಳ್ಳಗೆ ಮಾಡಬೇಡ. ನೀನು ನನ್ನ ಕೆನ್ನೆ ಹಿಂಡಿ, "ಅಜ್ಜಿ, ಅದಕ್ಕೇ ಅಲ್ವಾ ನಾನು ಇದನ್ನ ಮಾಡ್ತಿರೋದು? ಕಪ್ಪಗಿರೋರ ಕಥೇಲೂ ಬೆಳ್ಳಗಿರೋರೇ ಬಂದು ಕೂರ್ತಾರಲ್ಲ, ಅದನ್ನ ಮುರೀಬೇಕು" ಅಂದೆ. ನನ್ನ ಮೊಮ್ಮಗಳು ಎಂದು ಎದೆ ಉಬ್ಬಿತು.

ಆಮೇಲೆ ನೀನು ಶಾಲಿನಿಯನ್ನು ಕರೆತಂದೆ. ಯಲ್ಲಾಪುರದ ಕಡೆಯ ಸಿದ್ದಿ ಹುಡುಗಿ, ನಾಟಕ ಕಲಿಯಲು ಮೈಸೂರಿಗೆ ಬಂದು ಇಲ್ಲೇ ಉಳಿದವಳು ಅಂದೆ. ನೂರಾರು ವರ್ಷದ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತಂದವರ ಮಕ್ಕಳು, ಈಗ ನಮ್ಮ ಹಾಗೇ ಕನ್ನಡದವರು ಎಂದು ತಿಳಿಸಿಕೊಟ್ಟೆ. ನಾನು ಅವಳ ಗುಂಗುರು ಕೂದಲು ನೋಡಿದೆ, ಮೂಗು ನೋಡಿದೆ. ನಿನ್ನನ್ನು ಒಳಗೆ ಕರೆದು, "ನಮ್ಮತ್ತೆ ಕಪ್ಪು ಈ ಮಣ್ಣಿನ ಕಪ್ಪು. ಇವ್ಳು ಬೇರೆ ದೇಶದೋಳ ಹಂಗವ್ಳೆ. ಬ್ಯಾಡ ಕಣೇ" ಅಂದೆ. ಹೌದು, ಅಂದೆ. ಮುಚ್ಚಿಡುವ ಅಭ್ಯಾಸ ನನಗಿಲ್ಲ. ನೀನು, "ಪಾತ್ರ ಮಾಡೋದು ಕೂದಲಲ್ಲ ಅಜ್ಜಿ. ಸ್ವಲ್ಪ ದಿನ ನಿಮ್ಜೊತೆ ಕೂತ್ಕೊಳ್ಲಿ. ಆಮೇಲೂ ಬ್ಯಾಡ ಅಂದ್ರೆ ನಾನೇ ಕಳಿಸ್ಬುಡ್ತೀನಿ" ಅಂದೆ.

ಕೂತುಕೊಂಡಳು. ದಿನಾ ರಾಜೀವನಗರದ ತನ್ನ ರೂಮಿನಿಂದ ಬರುತ್ತಿದ್ದಳು. ಆಟೋದವರು ಇವಳನ್ನು ಹೊರದೇಶದಿಂದ ಓದಲು ಬಂದವಳು ಎಂದುಕೊಂಡು "ವೇರ್ ಗೋಯಿಂಗ್ ಮೇಡಂ" ಅನ್ನುತ್ತಿದ್ದರಂತೆ. ಇವಳು, "ನಂಜುಮಳಿಗೆಗೆ ಹೋಗೂದು ಅಣ್ಣಾ, ಮೀಟರ್ ಹಾಕಿ" ಅಂದರೆ ಅವರ ಮುಖ ಹೇಗಾಗುತ್ತದೆ ಎಂದು ಮಾಡಿ ತೋರಿಸುತ್ತಿದ್ದಳು. ನಾನು ಸುಮ್ಮನೆ ನಗುವವಳಲ್ಲ. ನಗಿಸಿದಳು.

ಒಂದು ದಿನ ನಾನು ಒಳಗೆ ಕಾಫಿ ಕುಡಿಯುತ್ತಿದ್ದೆ. ಹೊರಗೆ ಯಾರೋ ಹೊಸಬ ಮೊದಲ ಸಲ ಬಣ್ಣಕ್ಕೆ ಕೂತು, ಮಾತು ಮರೆತೀತು ಎಂಬ ಭಯಕ್ಕೆ ತಲೆ ಅಲ್ಲಾಡಿಸುತ್ತಿದ್ದ. ಆಗ, "ಅಲ್ಲಾಡ್ಬ್ಯಾಡ ಕಣಪ್ಪ ಮಾರಾಜ. ರಾಜ್ಯ ಹೋದ್ರೂ ಮೂಗು ನೆಟ್ಗಿರ್ಲಿ" ಎಂಬ ದನಿ ಕೇಳಿಸಿತು. ನಾನು ಲೋಟ ಕೆಳಗಿಟ್ಟು ಸೆರಗು ಹೊದ್ದು ಎದ್ದು ನಿಂತುಬಿಟ್ಟೆ. ಅತ್ತೆ ಬಂದರೆ ಸೊಸೆ ಕೂತಿರಬಾರದಲ್ಲ. ಹೊರಗೆ ಬಂದು ನೋಡಿದರೆ ಶಾಲಿನಿ. ಆ ಹೊಸಬನ ಗದ್ದವನ್ನು ಎಡಗೈಯ ಎರಡು ಬೆರಳಲ್ಲಿ, ನಮ್ಮತ್ತೆ ಹಿಡಿಯುತ್ತಿದ್ದ ರೀತಿ ಎಂದು ನಾನು ಎಂದೋ ಮಾಡಿ ತೋರಿಸಿದ ಹಾಗೆ, ಎತ್ತಿ ಹಿಡಿದಿದ್ದಳು.

ಅದಾದ ಮೇಲೆ ಒಳ್ಳೆಯ ದಿನ ನೋಡಿ, ಅಂಗಡಿಯ ಚಾಮುಂಡಿ ಫೋಟೋದ ಮುಂದೆ ಪೆಟ್ಟಿಗೆ ಪೂಜೆ ಮಾಡಿ, ನಾನೇ ಅವಳ ಹಣೆಗೆ ಬೊಟ್ಟು ಇಟ್ಟೆ. ನಮ್ಮತ್ತೆಯ ಹಸಿರು ಸೀರೆಯನ್ನು ಅವಳಿಗೆ ಉಡಿಸಿದೆ. ನೀನು ಮೊಬೈಲಿನಲ್ಲಿ ಹಿಡಿಯುತ್ತಾ ಕಣ್ಣೀರು ಹಾಕಿದೆ. "ಅಜ್ಜಿ, ಇದೇ ನನ್ನ ಸೀರೀಸು" ಅಂದೆ. ಆ ವಿಡಿಯೋ ಈಗಲೂ ನಿನ್ನ ಮೊಬೈಲಿನಲ್ಲಿ ಇರಬೇಕು. ಅಳಿಸಿದ್ದರೆ ನನಗೆ ಗೊತ್ತಿಲ್ಲ.

ಹೋದ ತಿಂಗಳು ಆ ಸೀರೆ ನನ್ನ ಮನೆಗೆ ವಾಪಸ್ ಬಂತು. ಶಾಲಿನಿ ಒಗೆದು, ಇಸ್ತ್ರಿ ಮಾಡಿ, ಪೇಪರಿನಲ್ಲಿ ಸುತ್ತಿ ಆಟೋದವನ ಕೈಯಲ್ಲಿ ಕಳಿಸಿದ್ದಳು. ಒಂದು ಮಾತೂ ಹೇಳಿ ಕಳಿಸಿರಲಿಲ್ಲ. ಫೋನ್ ಎತ್ತಲಿಲ್ಲ. ಹುಷಾರಿಲ್ಲವೇನೋ, ಊರಿಗೆ ಹೋದಳೇನೋ ಎಂದುಕೊಂಡೆ. ಮಾರನೆಯ ದಿನ ನಿನ್ನ ಅಸಿಸ್ಟೆಂಟ್ ಬೀರೇಶ ಒಂದು ಖಾಲಿ ಸ್ಟೀಲ್ ಡಬ್ಬಿ ಹಿಡಿದುಕೊಂಡು ಬಂದ. "ಅಜ್ಜಿ, ಹೊಸ ಹೀರೋಯಿನ್ ಮುಂಬೈಯಿಂದ ಬಂದವ್ರೆ. ಹಾಲ್ನಂಗವ್ರೆ. ನಮ್ ಮೇಕಪ್‌ನೋರು ಹಚ್ಚಿದ್ರೆ ಮಸಿ ಬಳ್ದಂಗೆ ಕಾಣ್ತದೆ. ಬಸವಮ್ಮನೋರ ಬಣ್ಣ ಹೆಂಗಿತ್ತು ಅಂತ ನಿಮ್ಗೇ ಗೊತ್ತಂತೆ. ಒಸಿ ಕಲಸ್ಕೊಟ್ಬುಡಿ" ಅಂದ.

ಶಾಲಿನಿ ಎಲ್ಲಿ ಎಂದು ಕೇಳಿದೆ. ಪಾಪ, ಅವನಿಗೇನು ಗೊತ್ತು. "ನೀವೇ ಬ್ಯಾಡ ಅಂದ್ರಂತಲ್ಲ ಅಜ್ಜಿ? ಮೇಡಂ ಇಂಟರ್‌ವ್ಯೂನಲ್ಲೂ ಹೇಳವ್ರಲ್ಲ" ಎಂದು ಮೊಬೈಲ್ ತೋರಿಸಿದ. ನೋಡಿದೆ. ಒಳ್ಳೆಯ ಸೀರೆ ಉಟ್ಟುಕೊಂಡು ಕೂತಿದ್ದೆ ನೀನು. ನಮ್ಮ ಮುತ್ತಜ್ಜಿಯ ಪಾತ್ರವನ್ನು ಬೇರೆ ಜನಾಂಗದ ಹುಡುಗಿ ಮಾಡುವುದು ಮನೆಯ ಹಿರಿಯರಿಗೆ ಹಿಡಿಸಲಿಲ್ಲ, ಹಿರಿಯ ಜೀವಕ್ಕೆ ನೋವಾಗಬಾರದೆಂದು ಮನಸ್ಸಿಲ್ಲದ ಮನಸ್ಸಿನಿಂದ ಬದಲಾಯಿಸಿದೆವು ಎನ್ನುತ್ತಿದ್ದೆ. ಕೇಳುತ್ತಿದ್ದವನು ಅಯ್ಯೋ ಪಾಪ ಎಂಬಂತೆ ನಿನ್ನನ್ನು ನೋಡುತ್ತಿದ್ದ.

ನಾನು ಫೋನ್ ಮಾಡಿದಾಗ ನೀನು ಹೇಳಿದ್ದನ್ನು ಇಲ್ಲಿ ಬರೆದಿಡುತ್ತೇನೆ, ನಿನಗೆ ಮರೆಯದಿರಲಿ. "ದುಡ್ಡು ಹಾಕೋರು ಒಪ್ಲಿಲ್ಲ ಅಜ್ಜಿ. ಆ ಮುಖ ಇಟ್ಕೊಂಡ್ರೆ ಯಾರೂ ನೋಡಲ್ಲ ಅಂದ್ಬುಟ್ರು. ನಾನು ಅವರ ಮುಂದೆ ಸೋತೆ ಅಂತ ಹೊರಗೆ ಹೇಳೋಕಾಗುತ್ತಾ? ನಿಮ್ಮ ಹೆಸ್ರು ಹೇಳಿದ್ರೆ ಯಾರೂ ಏನೂ ಕೇಳಲ್ಲ. ಹಳೇ ಕಾಲದೋರು ಹಂಗೇ ಅಂತ ಸುಮ್ನಾಗ್ತಾರೆ. ನೀವು ಮೊದಲ ದಿನ ಅಂದಿದ್ದೂ ಸುಳ್ಳಲ್ವಲ್ಲ?"

ಸೋತಿದ್ದಕ್ಕೆ ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಮಗಳೇ. ಈ ಕಸುಬಿನಲ್ಲಿ ನಾನೂ ಎಷ್ಟೋ ಸಲ ಸೋತಿದ್ದೇನೆ. ಬಂದು ನನ್ನ ಮಡಿಲಲ್ಲಿ ತಲೆಯಿಟ್ಟು ಸೋತೆ ಅಂದಿದ್ದರೆ ತಲೆ ಸವರುತ್ತಿದ್ದೆ. ನೀನು ನನ್ನ ಮೊದಲ ದಿನದ ಮಾತನ್ನು ಜೋಪಾನವಾಗಿ ಇಟ್ಟುಕೊಂಡು, ಆಮೇಲೆ ನಾನು ಇಟ್ಟ ಬೊಟ್ಟನ್ನು ಒರೆಸಿದೆ. ಅದೂ ನನ್ನ ಸೆರಗಿನಲ್ಲೇ ಒರೆಸಿದೆ. ಮುದುಕಿ ಅಂದರೆ ಹೀಗೇ ಎಂದು ಜನ ನಂಬುತ್ತಾರೆ ಎಂಬ ಧೈರ್ಯ ನಿನಗೆ. ನಂಬಿದರು. ಆ ಹುಡುಗಿಯೂ ನಂಬಿದಳು. ಬೊಟ್ಟು ಒರೆಸಲು ಬಿಡದ ಹೆಂಗಸಿನ ಕಥೆಯನ್ನೇ ಸೀರೀಸ್ ಮಾಡುತ್ತಾ ಇದನ್ನು ಹೇಗೆ ಮಾಡಿದೆ? ಆ ದೃಶ್ಯ ಬರೆಯುವಾಗ ನಿನ್ನ ಕೈ ಒಂದು ಸಲವೂ ನಿಲ್ಲಲಿಲ್ಲವೇ?

ಅವತ್ತು ಮಧ್ಯಾಹ್ನವೇ ಸೀರೆ ಎತ್ತಿಕೊಂಡು ರಾಜೀವನಗರಕ್ಕೆ ಹೋದೆ. ಯಾರ ಮನೆ ಬಾಗಿಲಿಗೂ ನಾನಾಗಿ ಹೋದವಳಲ್ಲ, ನಿನಗೆ ಗೊತ್ತು. ಶಾಲಿನಿ ಬಾಗಿಲು ತೆಗೆದು ಒಳಗೆ ಬನ್ನಿ ಅನ್ನಲಿಲ್ಲ. "ನೀವು ಹೇಳಿದ್ದು ಹೌದಾ ಅಜ್ಜಿ?" ಅಂದಳು. ಮೊದಲ ದಿನ ಹೇಳಿದ್ದೆ, ಆಮೇಲೆ ಹೇಳಲಿಲ್ಲ ಅಂದೆ. ಅವಳು, "ಮೊದಲ ದಿನ ಎಲ್ಲರೂ ಹೇಳ್ತಾರೆ ಅಜ್ಜಿ. ಎರಡನೇ ಸಲ ಯಾರೂ ಹುಡುಕ್ಕೊಂಡು ಬರೂದಿಲ್ಲ" ಎಂದು ಬಾಗಿಲು ಪೂರ್ತಿ ತೆಗೆದಳು. ಟೀ ಮಾಡಿಕೊಟ್ಟಳು. ಸಕ್ಕರೆ ಜಾಸ್ತಿ ಹಾಕಿದ್ದಳು. ಕುಡಿದೆ.

ಪುರಭವನದಲ್ಲಿ ಸದಾಶಿವಯ್ಯ ಮೇಷ್ಟ್ರ ತಂಡದ ನಾಟಕ ಇತ್ತು. ದ್ರೌಪದಿಗೆ ಅವರು ಇನ್ನೂ ಯಾರನ್ನೂ ಗೊತ್ತು ಮಾಡಿರಲಿಲ್ಲ. ಇನ್ನೊಬ್ಬಳ ಬೊಟ್ಟು ಒರೆಸಿ ನಾನು ಇವಳಿಗೆ ಇಟ್ಟಿಲ್ಲ, ಅದನ್ನು ಗಮನಿಸು. ಶಾಲಿನಿಯನ್ನು ಕರೆದೊಯ್ದು ಅವರ ಮುಂದೆ ಹಾಡಿಸಿದೆ. ಮೇಷ್ಟ್ರು ತಲೆ ಕೆರೆದುಕೊಂಡು, "ಅಮ್ಮಾ, ಹುಡುಗಿ ಹಾಡೋದೇನೋ ಚೆಂದಾಗಿ ಹಾಡ್ತಾಳೆ. ಜನ ಏನಂತಾರೋ" ಅಂದರು. "ದ್ರೌಪದಿಗೆ ಕೃಷ್ಣೆ ಅಂತ ಯಾಕೆ ಹೆಸ್ರು ಬಂತು ಮೇಷ್ಟ್ರೇ? ಬೆಳ್ಳಗಿದ್ಲು ಅಂತಲಾ?" ಎಂದು ಕೇಳಿದೆ. ಹಾರ್ಮೋನಿಯಂ ಎಳೆದುಕೊಂಡು ಅವಳನ್ನು ಅಭ್ಯಾಸಕ್ಕೆ ಕೂರಿಸಿದರು.

ನಾಟಕದ ದಿನ ಎಲ್ಲರ ಮುಖಕ್ಕೂ ಎಂದಿನಂತೆ ಬಿಳಿ ಕಲಸಿ ಹಚ್ಚಿದೆ. ಶಾಲಿನಿ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದಾಗ ಬಿಳಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ. ಕಣ್ಣಿಗೆ ಕಾಡಿಗೆ, ತುಟಿಗೆ ಕೆಂಪು, ಹಣೆಗೆ ಬೊಟ್ಟು, ಅಷ್ಟೇ. ಬಣ್ಣದ ಕಸುಬಿಗೆ ಬಂದಮೇಲೆ ಮೊದಲ ಸಲ ಒಂದು ಮುಖಕ್ಕೆ ಬಣ್ಣ ಬೇಡ ಅಂದೆ. ಆಮೇಲೆ ಪರದೆ ಏಳುವ ಮುಂಚೆ ಅವಳ ಕೈ ಹಿಡಿದುಕೊಂಡು ಜನರ ಮುಂದೆ ಹೋಗಿ ಮೈಕ್ ತೆಗೆದುಕೊಂಡೆ. "ಈ ಹುಡುಗೀನ ನಾನು ಬ್ಯಾಡ ಅಂದೆ ಅಂತ ಸುದ್ದಿ ಅದೆ. ಮೊದಲ ದಿನ ಅಂದಿದ್ದೆ, ನಿಜ. ಆಮೇಲೆ ನಾನೇ ಕೈಯಾರೆ ಬೊಟ್ಟು ಮಡಗ್ದೆ. ನಮ್ಮನೇಲಿ ಮಡಗಿದ ಬೊಟ್ಟು ಒರ್ಸೋರು ಯಾರೂ ಹುಟ್ಟಿಲ್ಲ" ಅಂದೆ. ಜನ ಚಪ್ಪಾಳೆ ತಟ್ಟಿದರು. ಆ ಕೊನೆಯ ಮಾತು ಹೇಳುವಾಗ ನನ್ನ ನಾಲಿಗೆ ತಡವರಿಸಿದ್ದು ಅವರಿಗೆ ತಿಳಿಯಲಿಲ್ಲ. ನಿನ್ನ ಹೆಸರು ನಾನು ಎತ್ತಲಿಲ್ಲ.

ಮೊನ್ನೆ ಸೋಮವಾರ ನಿನ್ನ ಯೂನಿಟ್ಟಿನವರು ಲೈಟು, ಜನರೇಟರ್ ಎಲ್ಲ ತಂದು ಅಂಗಡಿ ಮುಂದೆ ನಿಲ್ಲಿಸಿದರು. ಬಾಗಿಲಿಗೆ ಬೀಗ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ನಾನು ಜಗಲಿಯ ಮೇಲೆ ಕೂತಿದ್ದೆ. ನೀನು ಕಾರಿನಿಂದ ಇಳಿಯಲಿಲ್ಲ. ಗಾಜು ಇಳಿಸಿ ನೋಡಿದೆ. ನಾನೂ ನೋಡಿದೆ. ಕಾರು ತಿರುಗಿತು. ನಮ್ಮ ಅಂಗಡಿಯ ಹಾಗೆಯೇ ಸೆಟ್ ಹಾಕಿಸುತ್ತೀಯಂತೆ. ಹಾಕಿಸಿಕೋ. ಇಲ್ಲಿಂದ ಒಂದು ಕಿರೀಟವೂ ಬರುವುದಿಲ್ಲ. ಬಣ್ಣದ ಪೆಟ್ಟಿಗೆ ನನ್ನ ನಂತರ ನಿನಗೆ ಎಂದು ನೀನು ತೊಟ್ಟಿಲಲ್ಲಿದ್ದಾಗ ಹೇಳಿದ್ದೆ. ಆ ಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ. ನಿನ್ನ ಅಪ್ಪನಿಗೂ ತಿಳಿಸಿದ್ದಾಗಿದೆ.

ಬೀರೇಶ ಬಿಟ್ಟುಹೋದ ಡಬ್ಬಿಯನ್ನು ಈ ಕಾಗದದ ಜೊತೆ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ನಮ್ಮತ್ತೆಯ ಬಣ್ಣ ಹೇಗಿತ್ತು ಎಂದು ನನಗೆ ಚೆನ್ನಾಗಿ ಗೊತ್ತು. ಡಬ್ಬಿಯನ್ನು ತೊಳೆದು, ಒರೆಸಿ, ಖಾಲಿಯೇ ಇಟ್ಟಿದ್ದೇನೆ.

ಬೆಟ್ಟದ ತಾಯಿ ನಿನ್ನನ್ನು ಕಾಪಾಡಲಿ. ಹೊತ್ತು ಹೊತ್ತಿಗೆ ಊಟ ಮಾಡು.

ಇಂತಿ,
ಬೀರಮ್ಮ
ಬಸವಮ್ಮನವರ ಸೊಸೆ